ಗಂಜಿ ತಿಳಿಯಷ್ಟೇ ಸಾಲದು



ನಮ್ಮ ವಾಮಂಜೂರಿನ ಆಸುಪಾಸಿನಲ್ಲಿ ಹಿರಿಯರಷ್ಟೇ ಉಳಿದ ಮನೆಗಳಿವೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ನೋಡಿಕೊಳ್ಳಲು ಹೋಂ ನರ್ಸ್ ಬರುತ್ತಾರೆ, ಇಲ್ಲವೇ ಹಿರಿಯರೇ ವೃದ್ಧಾಶ್ರಮ ಸೇರುತ್ತಾರೆ. ಬಿಪಿ, ಶುಗರ್ ಎಷ್ಟೆಂದು ಫೋನಿನಲ್ಲಿ ವಿಚಾರಿಸುವ ಮಕ್ಕಳು ‘ಅಮ್ಮಾ, ಹೊಟ್ಟೆ ಸರಿಯಾಗಿ ಹೋಗ್ತಾ ಇದೆಯಾ’ ಎಂದು ಕೇಳುವುದು ಕಡಿಮೆ. ಅಮ್ಮನೂ ಸಂಕೋಚಪಟ್ಟು ಹೇಳುವುದಿಲ್ಲ. ಹಾಗಾಗಿ ಇವತ್ತು ಮಲಬದ್ಧತೆಯ ಬಗ್ಗೆಯೇ ಮಾತಾಡೋಣ.

ಮೊದಲು ಅವರ ತಟ್ಟೆ ನೋಡಿ. ಬೆಳಿಗ್ಗೆ ಚಹಾ, ರಸ್ಕ್. ಮಧ್ಯಾಹ್ನ ಮೆತ್ತಗಿನ ಅನ್ನ, ತಿಳಿಸಾರು. ರಾತ್ರಿ ಗಂಜಿ ತಿಳಿ. ಹಲ್ಲಿಲ್ಲವೆಂದು ಪಲ್ಯ ಬಿಟ್ಟಾಯಿತು, ಗ್ಯಾಸ್ ಆಗುತ್ತದೆಂದು ಕಾಳೂ ಬಿಟ್ಟಾಯಿತು. ನಾರಿನಂಶ ಎಲ್ಲಿಂದ ಬರಬೇಕು? ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಊಟವೇ ಕಡಿಮೆಯಾದ ಹಿರಿಯರು ಅಷ್ಟನ್ನು ಮುಟ್ಟುವುದು ಕಷ್ಟ, ಆದರೆ ಈಗಿನದಕ್ಕಿಂತ ಹೆಚ್ಚಿಸಬಹುದು.

ಕುಚ್ಚಲಕ್ಕಿ ಉಣ್ಣುವವರಿಗೆ ಈ ತೊಂದರೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. 100 ಗ್ರಾಂ ಕುಚ್ಚಲಕ್ಕಿಯಲ್ಲಿ ಇರುವ ನಾರು ಸುಮಾರು 4 ಗ್ರಾಂ ಮಾತ್ರ. ಅಷ್ಟೇ ತೂಕದ ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ ಇದೆ. ಗಂಜಿಯ ಜೊತೆ ನುಣ್ಣಗೆ ಬೇಯಿಸಿದ ಪದೆಂಗಿ (ಹೆಸರುಕಾಳಿನ) ಗಸಿ ಇಟ್ಟರೆ ಲೆಕ್ಕವೇ ಬದಲಾಗುತ್ತದೆ. ರಾಗಿಯಲ್ಲೂ 11 ಗ್ರಾಂನಷ್ಟಿದೆ, ಆದರೆ ಅರೆದು, ಸೋಸಿ, ಚರಟವನ್ನು ಚೆಲ್ಲಿ ಮಣ್ಣಿ ಮಾಡಿದರೆ ನಾರಿನ ದೊಡ್ಡ ಪಾಲು ಚರಟದ ಜೊತೆಯೇ ಹೋಯಿತು. ಸೋಸದೆ ಹಿಟ್ಟಿನ ಅಂಬಲಿ ಕಾಯಿಸಿ. ಬಸಳೆ, ಹರಿವೆ, ಪಪ್ಪಾಯಿ, ಕಳಿತ ಬಾಳೆಹಣ್ಣು, ಇವಕ್ಕೆ ಹಲ್ಲು ಬೇಕಿಲ್ಲ. ಬಾಳೆದಿಂಡನ್ನು ಮಾತ್ರ ಎಳೆ ತೆಗೆದು ಸಣ್ಣಗೆ ಹೆಚ್ಚಿ ಬೇಯಿಸಿ.

ಒಂದೇ ದಿನ ಎಲ್ಲವನ್ನೂ ಬಡಿಸಬೇಡಿ, ಹೊಟ್ಟೆಯುಬ್ಬರ ಬಂದು ಅವರು ಮುಖ ತಿರುಗಿಸುತ್ತಾರೆ. ವಾರಕ್ಕೆ ಒಂದೊಂದನ್ನು ಸೇರಿಸುತ್ತಾ ಹೋಗಿ.

ಇನ್ನು ನೀರು. ನಾರು ಸ್ಪಂಜಿನ ಹಾಗೆ; ನೀರು ಸಿಕ್ಕಿದರೆ ಮಲ ಮೆತ್ತಗಾಗುತ್ತದೆ, ಸಿಗದಿದ್ದರೆ ಇನ್ನಷ್ಟು ಗಟ್ಟಿ. ರಾತ್ರಿ ಮೂತ್ರಕ್ಕೆ ಏಳಬೇಕಲ್ಲ, ಬೇರೆಯವರನ್ನು ಕರೆಯಬೇಕಲ್ಲ ಎಂದು ಹಿರಿಯರು ಸಂಜೆಯಿಂದಲೇ ನೀರು ಬಿಡುತ್ತಾರೆ. ಮಳೆಗಾಲದಲ್ಲಂತೂ ಬಾಯಾರಿಕೆಯೇ ಇಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಹೆಚ್ಚಿನ ನೀರು, ಮಜ್ಜಿಗೆ ಕುಡಿಸಿಬಿಡಿ. ಹೃದಯ, ಕಿಡ್ನಿ ತೊಂದರೆಗೆ ವೈದ್ಯರು ನೀರಿನ ಮಿತಿ ಹೇಳಿದ್ದರೆ ಅದನ್ನು ಮೀರಬೇಡಿ.

ಇಸಬ್‌ಗೋಲ್ ಕೊಡಬಹುದೇ? ಒಂದು ದೊಡ್ಡ ಲೋಟ ನೀರು ಪೂರ್ತಿ ಕುಡಿಯಬಲ್ಲವರಿಗೆ ಸರಿ. ನುಂಗಲು ತ್ರಾಸಪಡುವವರಿಗೆ ಬೇಡ, ಅದು ಗಂಟಲಲ್ಲೇ ಉಬ್ಬಿಕೊಳ್ಳಬಹುದು. ಹಾಸಿಗೆ ಹಿಡಿದವರಿಗೂ ವೈದ್ಯರನ್ನು ಕೇಳದೆ ಕೊಡಬೇಡಿ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಕೆಲವು ನೋವಿನ ಗುಳಿಗೆಗಳೂ ಹೊಟ್ಟೆ ಕಟ್ಟುತ್ತವೆ. ವೈದ್ಯರ ಹತ್ತಿರ ಹೋಗುವಾಗ ಮಾತ್ರೆಯ ಪೊಟ್ಟಣವನ್ನೂ ಒಯ್ಯಿರಿ, ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಮಲದಲ್ಲಿ ರಕ್ತ, ವಾಂತಿ, ಹೊಟ್ಟೆ ಬಿಗಿದುಕೊಳ್ಳುವುದು, ತೂಕ ಇಳಿಯುವುದು ಕಂಡರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಹಲವು ದಿನ ಕಟ್ಟಿಕೊಂಡು ಆಮೇಲೆ ನೀರಾಗಿ ಹೋದರೆ ಅದನ್ನು ಭೇದಿ ಎಂದುಕೊಂಡು ಮಾತ್ರೆ ನುಂಗಿಸಬೇಡಿ. ಒಳಗೆ ಗಟ್ಟಿ ಮಲ ಸಿಕ್ಕಿಕೊಂಡು, ಅದರ ಬದಿಯಿಂದ ನೀರು ಸೋರುತ್ತಿರಬಹುದು.

ನೋಡಿಕೊಳ್ಳುವವರಲ್ಲಿ ಒಂದು ವಿನಂತಿ. ತಿಂಡಿಯಾದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿಗೆ ಅವರನ್ನು ಕಮೋಡಿನಲ್ಲಿ ಕೂರಿಸಿ, ಕಾಲಡಿಗೆ ಒಂದು ಗಿಡ್ಡ ಮಣೆ ಇಟ್ಟು, ಬಾಗಿಲು ಮುಂದೆ ಮಾಡಿ. ಅವಸರ ಮಾಡಬೇಡಿ. ಹೋಗಬೇಕು ಎಂದು ಅವರು ಕರೆದಾಗ ಮಾತ್ರ ‘ಸ್ವಲ್ಪ ತಡೀರಿ’ ಎನ್ನದೆ ತಕ್ಷಣ ಬನ್ನಿ.