ಉಚ್ಚ ವಿದ್ಯೆಗೆ ಹೊರಟ ಮಕ್ಕಳೂ ಊರವರ ಹೊಣೆಯೂ



ಮಠದ ಮಹೋತ್ಸವದ ಸಭೆಯಲ್ಲಿ ಹಿಂದಿನದನ್ನು ಕೊಂಡಾಡುವದು ವಾಡಿಕೆಯಾಗಿದೆ; ಅದು ತಕ್ಕದ್ದೇ ಸರಿ. ಆದರೆ ಇಲ್ಲಿ ಕುಳಿತಿರುವ ಎಷ್ಟೋ ತಾಯಿತಂದೆಗಳ ಮನಸ್ಸು ಬೇರೊಂದು ಕಡೆಗೆ ಹರಿದಿರುವದು. ಅವರ ಮಗನೋ ಮಗಳೋ ಪದವಿಪೂರ್ವ ಪರೀಕ್ಷೆಯನ್ನು ದಾಟಿ, ಮನೆತನದಲ್ಲಿಯೇ ಮೊದಲನೆಯವರಾಗಿ ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಹೊರಟು ನಿಂತಿರುವರು. ಹಾಗೆ ಹೊರಟ ಮಕ್ಕಳು ಅಲ್ಲಿ ನೆಲೆಯೂರುವಂತೆ ಮಾಡುವ ಬಗೆ ಯಾವದು ಎಂಬುದೇ ಈ ಉಪನ್ಯಾಸದ ವಿಷಯವು.

ಚೀಕಲಪರ್ವಿಯು ತುಂಗಭದ್ರೆಯ ದಂಡೆಯ ಊರು. ವಿದ್ಯೆಗಾಗಿ ಊರು ಬಿಡುವದು ಇಲ್ಲಿಯವರಿಗೆ ಹೊಸದಲ್ಲ. ಇದೇ ಊರಿನಲ್ಲಿ 1682ರಲ್ಲಿ ಬಡ ಮನೆತನದಲ್ಲಿ ಹುಟ್ಟಿದ ವಿಜಯದಾಸರು ಮನೆ ಬಿಟ್ಟು ಕಾಶಿಯವರೆಗೆ ಹೋಗಿ ವಿದ್ಯೆಯನ್ನು ಗಳಿಸಿಕೊಂಡು ಬಂದರೆಂದು ಪರಂಪರೆಯು ಹೇಳುವದು. ಅವರ ಪಂಥ ಬೇರೆ, ಈ ಮಠದ ಪಂಥ ಬೇರೆ. ಆದರೆ ಬರಿಗೈಯಲ್ಲಿ ಹೊರಟ ವಿದ್ಯಾರ್ಥಿಯ ಹಾದಿ ಎಲ್ಲರಿಗೂ ಒಂದೇ ಆಗಿರುವದು.

ಮುಂದೆ ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ಮಕ್ಕಳಿಗೆ ವಿಶ್ವವಿದ್ಯಾಲಯವೆಂದರೆ ಹೈದರಾಬಾದು. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯು ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ, ಪಾಠದಲ್ಲಿ ಉರ್ದು, ಮೇಲಿನ ಗ್ರಂಥಗಳು ಇಂಗ್ಲೀಷಿನಲ್ಲಿ. ಹೀಗೆ ಮೂರು ನುಡಿಗಳ ನಡುವೆ ಆ ಕಾಲದ ಹುಡುಗನು ಓದಬೇಕಾಗಿತ್ತು. 1956ರ ಏಕೀಕರಣದ ತರುವಾಯ ದೃಷ್ಟಿಯು ಧಾರವಾಡದ ಕಡೆಗೆ ತಿರುಗಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಹುಟ್ಟಿತು. 2008ರಲ್ಲಿ ರಾಯಚೂರಿಗೆ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಬಂದಿತು. ಕಡೆಗೆ 2021ರಲ್ಲಿ ಮಂತ್ರಾಲಯದ ಹಾದಿಯಲ್ಲಿರುವ ಯರಗೇರಾದಲ್ಲಿ ರಾಯಚೂರು ವಿಶ್ವವಿದ್ಯಾಲಯವೇ ತಲೆಯೆತ್ತಿತು. ಅದಕ್ಕೆ ಈಗ ಮಹರ್ಷಿ ವಾಲ್ಮೀಕಿಯ ಹೆಸರು ಬಂದಿರುವದು. ಕಾಶಿಯು ಹೈದರಾಬಾದಾಯಿತು, ಹೈದರಾಬಾದು ಯರಗೇರಾ ಆಯಿತು. ಹಾದಿಯು ಇಷ್ಟು ಕಿರಿದಾದರೂ, ಹೋದ ಮಕ್ಕಳೆಲ್ಲರೂ ಓದು ಮುಗಿಸಿ ಬರುತ್ತಿರುವರೇ ಎಂದು ಊರವರು ಕೇಳಿಕೊಳ್ಳಬೇಕು. ಹುಗ್ಗಿ ಉಂಡು ಹರಸಿ ಕಳಿಸಿದ ಹುಡುಗನು ಆರು ತಿಂಗಳಿಗೆ ಸದ್ದಿಲ್ಲದೆ ತಿರುಗಿ ಬಂದು, ಮರುವಾರ ಬೆಂಗಳೂರಿಗೆ ಗುಳೆ ಹೋದದ್ದನ್ನು ಕಾಣದ ಊರು ಮಾನವಿ ದೇವದುರ್ಗಗಳ ಕಡೆಗೆ ವಿರಳವೇ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆಯು ಶೇಕಡಾ 60ಕ್ಕೂ ಕಡಿಮೆಯಿದ್ದಿತು. ಇಡೀ ರಾಜ್ಯದ್ದು 75ನ್ನು ದಾಟಿತ್ತು. ಇಂಥ ನೆಲದಲ್ಲಿ ಕಾಲೇಜಿನವರೆಗೆ ನಡೆದು ಹೋದ ಒಂದೊಂದು ಮಗುವೂ ಹಲವು ಮನೆಗಳ ಆಸೆಯನ್ನು ಹೊತ್ತು ಹೋಗಿರುವದು.

ತಿರುಗಿ ಬಂದವನ ವಿಷಯದಲ್ಲಿ ಊರು ಬೇಗನೆ ತೀರ್ಪು ಕೊಡುವದು: ಬುದ್ಧಿ ಸಾಲಲಿಲ್ಲ, ಇಲ್ಲವೆ ಪಟ್ಟಣದ ಗಾಳಿ ಬಡಿಯಿತು. ಇವೆರಡೂ ಬಹುತರ ಸುಳ್ಳು. ಆ ಹುಡುಗನ ಮೊದಲ ತಿಂಗಳನ್ನು ಮನಸ್ಸಿನಲ್ಲಿ ತಂದುಕೊಂಡು ನೋಡಬೇಕು. ಊರ ಸಾಲೆಯಲ್ಲಿ ಅವನೇ ಮೊದಲಿಗನು. ಗುರುಗಳು ಅವನ ಹೆಸರು ಹಿಡಿದು ಕರೆಯುತ್ತಿದ್ದರು. ಇಲ್ಲಿ ದೊಡ್ಡ ಕೋಣೆಯ ಹಿಂದಿನ ಸಾಲಿನಲ್ಲಿ ಅವನು ಹೆಸರಿಲ್ಲದವನು. ವಿಜ್ಞಾನದ ಪಾಠವೆಲ್ಲ ಇಂಗ್ಲೀಷಿನಲ್ಲಿ. ತನಗೆ ಗೊತ್ತಿದ್ದ ಸಂಗತಿಯೇ ಅಪರಿಚಿತ ಶಬ್ದಗಳನ್ನು ಹೊದ್ದುಕೊಂಡು ಬಂದಾಗ ಅವನು ಅದನ್ನು ಗುರುತಿಸಲಾರನು. ಕೇಳೋಣವೆಂದರೆ ನಕ್ಕಾರೆಂಬ ಅಂಜಿಕೆ. ಅನುಭವಮಂಟಪದ ಹೆಸರು ಹೇಳುವ ಮನೆತನಗಳ ಮಕ್ಕಳು ಪ್ರಶ್ನೆ ಕೇಳುವದಕ್ಕೆ ನಾಚುವದು ಸೋಜಿಗವೇ, ಆದರೆ ನಾಚುವರು. ಸಂಜೆ ಕೋಣೆಗೆ ಬಂದು ಕದವಿಕ್ಕಿಕೊಂಡು ಒಬ್ಬನೇ ಓದುವನು. ತಿಳಿಯದಿದ್ದರೆ ಅದನ್ನೇ ಮತ್ತೊಮ್ಮೆ ಓದುವನು. ಮೊದಲನೆಯ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ, ತಾನು ಈ ಸ್ಥಳಕ್ಕೆ ತಕ್ಕವನಲ್ಲವೆಂದು ನಿಶ್ಚಯಿಸಿಕೊಳ್ಳುವನು. ಮನೆಗೆ ಫೋನಿನಲ್ಲಿ ಮಾತ್ರ ಎಲ್ಲವೂ ಚೆನ್ನಾಗಿದೆ ಅವ್ವಾ ಎನ್ನುವನು.

ಈ ರೋಗವು ನಮ್ಮ ಸೀಮೆಗಷ್ಟೇ ಅಂಟಿದ್ದಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು ಒಂದು ಶೋಧನೆಯನ್ನು ಕೈಕೊಂಡರು. ಅಲ್ಲಿಯ ಕಪ್ಪು ಜನಾಂಗದ ವಿದ್ಯಾರ್ಥಿಗಳು ಮೊದಲ ವರ್ಷದ ಕಲನಗಣಿತದಲ್ಲಿ ಬಹಳವಾಗಿ ಅನುತ್ತೀರ್ಣರಾಗುತ್ತಿದ್ದರು. ಅವರಿಗೆ ಹುರುಪಿಲ್ಲ, ಮೊದಲಿನ ಓದು ಗಟ್ಟಿಯಿಲ್ಲ, ಮನೆಯವರ ಬೆಂಬಲವಿಲ್ಲ, ಬಡತನ ಎಂದು ಪಂಡಿತರು ಕಾರಣಗಳನ್ನು ಹೇಳುತ್ತಿದ್ದರು. ಟ್ರೈಸ್‌ಮನ್ನರು 20 ಜನ ಕಪ್ಪು ವಿದ್ಯಾರ್ಥಿಗಳನ್ನೂ 20 ಜನ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಅವರವರು ಓದುವ ಸ್ಥಳಕ್ಕೇ ಹೋಗಿ ಬಹುಕಾಲ ಕಣ್ಣಿಟ್ಟು ನೋಡಿದರು. ಪಂಡಿತರ ಕಾರಣಗಳಲ್ಲಿ ಒಂದೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದಲೇ ಓದುತ್ತಿದ್ದರು. ಆದರೆ ಹೆಚ್ಚಾಗಿ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀಯರಾದರೋ ಮೊದಲು ತಾವು ತಾವೇ ಲೆಕ್ಕ ಮಾಡಿ, ಸಂಜೆಗೆ ಕೂಡಿ ಕುಳಿತು, ಒಬ್ಬರ ಉತ್ತರವನ್ನು ಒಬ್ಬರು ತಿದ್ದುತ್ತ, ಕೂಡಿಯೇ ಉಣ್ಣುತ್ತಿದ್ದರು. ಯಾರಿಗೂ ಬಾರದ ಲೆಕ್ಕವಿದ್ದರೆ, ಅದು ನಿಜವಾಗಿಯೇ ಕಠಿಣವಾದದ್ದೆಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಓದುವವನು ಅದೇ ಲೆಕ್ಕವನ್ನು ನೋಡಿ ತನ್ನನ್ನೇ ದಡ್ಡನೆಂದುಕೊಳ್ಳುವನು. ಆಮೇಲೆ ಟ್ರೈಸ್‌ಮನ್ನರು ಹೊಸ ವಿದ್ಯಾರ್ಥಿಗಳನ್ನು ಗುಂಪು ಕೂಡಿಸಿ, ಹಗುರಾದವುಗಳನ್ನಲ್ಲ, ಕಠಿಣವಾದ ಲೆಕ್ಕಗಳನ್ನೇ ಕೊಟ್ಟು ಕೂಡಿ ಬಿಡಿಸಲು ಹಚ್ಚಿದರು. ಅಂಥ ಗುಂಪುಗಳಲ್ಲಿ ಕುಳಿತವರ ಫಲವು ಎದ್ದು ಕಾಣುವಂತೆ ಉತ್ತಮವಾಯಿತು.

ಇದನ್ನು ಕೇಳಿದ ಹಿರಿಯರಿಗೆ ಪ್ರಸಾದನಿಲಯಗಳ ನೆನಪು ಬಾರದಿರದು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ನಡೆಸಿದ ಪ್ರಸಾದನಿಲಯವಿರಲಿ, ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ವಿದ್ಯಾರ್ಥಿಗಳಿಗಾಗಿ ತೆರೆದ ಉಚಿತ ವಸತಿಯಿರಲಿ, ಸಿದ್ಧಗಂಗೆಯಲ್ಲಿ ಇಂದಿಗೂ ಸಾವಿರಾರು ಮಕ್ಕಳಿಗೆ ನಡೆಯುವ ದಾಸೋಹವಿರಲಿ, ಇವುಗಳ ಕೀರ್ತಿಯನ್ನು ಹೇಳುವಾಗ ಜನರು ಅನ್ನವನ್ನೇ ಮುಂದುಮಾಡಿ ಹೇಳುವರು. ಅನ್ನವು ದೊಡ್ಡದು, ನಿಜ. ಆದರೆ ಅನ್ನದ ಜೊತೆಗೆ ಇನ್ನೊಂದು ಪದಾರ್ಥವೂ ಬಡಿಸಲ್ಪಡುವದು: ಹೊಸ ಹುಡುಗನು ಪಂಕ್ತಿಯಲ್ಲಿ ಕುಳಿತಾಗ ಅವನ ಎಡಕ್ಕೂ ಬಲಕ್ಕೂ ಅದೇ ಹಾದಿಯನ್ನು ಒಂದು ವರ್ಷ ಮೊದಲು ನಡೆದವರು ಇರುವರು. ಯಾವ ಗುರುಗಳಿಗೆ ಯಾವ ಹೊತ್ತಿನಲ್ಲಿ ಭೆಟ್ಟಿಯಾಗಬೇಕು, ಯಾವ ಪುಸ್ತಕವನ್ನು ಮೊದಲು ಹಿಡಿಯಬೇಕು, ಹೋದ ವರ್ಷ ಯಾವ ಪ್ರಶ್ನೆಗಳು ಬಂದಿದ್ದವು ಎಂಬುದೆಲ್ಲ ಅವನು ಕೇಳದೆಯೇ ಕಿವಿಗೆ ಬೀಳುವದು.

ಪಾಠಶಾಲೆಯ ಕ್ರಮದಲ್ಲಿಯೂ ಇದೇ ಮರ್ಮವಿದೆ. ಅಲ್ಲಿ ಹೊಸ ಪಾಠಕ್ಕಿಂತ ಮೊದಲು ನಿನ್ನೆಯ ಪಾಠವನ್ನು ಪುಸ್ತಕ ಮುಚ್ಚಿ ಒಪ್ಪಿಸಬೇಕು. ಸಂಜೆಗೆ ಇಬ್ಬಿಬ್ಬರು ಕುಳಿತು ಚಿಂತನೆ ಮಾಡಬೇಕು. ವಿದ್ಯೆಯ ಕಾಲುಪಾಲು ಸಹಪಾಠಿಗಳಿಂದಲೇ ಬರುವದೆಂಬ ಮಾತು ಪಾಠಶಾಲೆಗಳಲ್ಲಿ ಬಹು ಹಳೆಯದು. 1885ರಲ್ಲಿ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ತಮ್ಮ ನೆನಪನ್ನೇ ಅಳೆದು, ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನಗಳಲ್ಲಿಯೇ ಜಾರಿಹೋಗುವದೆಂದೂ ಮರಳಿ ಮರಳಿ ನೆನೆದರೆ ನಿಲ್ಲುವದೆಂದೂ ತೋರಿಸಿದರು. ಪಾಠಶಾಲೆಯ ಅಯ್ಯನವರು ಇದನ್ನು ಅಳೆಯದೆಯೇ ಬಲ್ಲವರಾಗಿದ್ದರು. ಕಾಲೇಜಿನ ಹುಡುಗನು ಪರೀಕ್ಷೆಯ ಹಿಂದಿನ ವಾರ ರಾತ್ರಿಯೆಲ್ಲ ಓದುವದನ್ನು ಬಿಟ್ಟು, ಅಂದಂದಿನ ಪಾಠವನ್ನು ಅಂದೇ ಸಂಜೆ ಪುಸ್ತಕ ಮುಚ್ಚಿ, ಜೊತೆಯವನಿಗೆ ಕನ್ನಡದಲ್ಲಿ ಹೇಳಿ ತೋರಿಸಲಿ. ಕನ್ನಡದಲ್ಲಿ ಹೇಳಲು ಬಂದರೆ ತಿಳಿದಂತಾಯಿತು. ಅದರ ಇಂಗ್ಲೀಷು ಶಬ್ದಗಳನ್ನು ಒಂದು ವಹಿಯಲ್ಲಿ ದಿನಕ್ಕೆ ಹತ್ತರಂತೆ ಬರೆದಿಟ್ಟರೆ ನಾಲ್ಕು ತಿಂಗಳಲ್ಲಿ ಸಾವಿರಕ್ಕೆ ಮಿಕ್ಕಿ ಶಬ್ದಗಳಾಗುವವು. ಪಾಠ ಹೇಳುವ ಗುರುಗಳ ಬಳಿಗೆ ಮೊದಲ ಹದಿನೈದು ದಿನಗಳೊಳಗೆ ಒಮ್ಮೆಯಾದರೂ ಹೋಗಿ, ಊರು ಹೆಸರು ಹೇಳಿ, ಒಂದು ಪ್ರಶ್ನೆ ಕೇಳಿ ಬರಬೇಕು. ಹೆಸರು ಗೊತ್ತಾದ ವಿದ್ಯಾರ್ಥಿಯು ಹಿಂದಿನ ಸಾಲಿನಲ್ಲಿ ಕುಳಿತರೂ ಕಾಣೆಯಾಗುವದಿಲ್ಲ.

ಮನೆಯವರ ಪಾಲಿನ ಕೆಲಸವು ಇನ್ನೂ ಕಠಿಣವಾದದ್ದು. ಒಕ್ಕಲುತನದ ಕಾಲಗಣನೆ ಬೇರೆ, ವಿಶ್ವವಿದ್ಯಾಲಯದ ಕಾಲಗಣನೆ ಬೇರೆ. ಹತ್ತಿ ಬಿಡಿಸುವ, ನೆಲ್ಲು ಕೊಯ್ಯುವ ದಿನಗಳಿಗೂ ಮೊದಲ ಆರು ತಿಂಗಳ ಪಾಠ ಪರೀಕ್ಷೆಗಳಿಗೂ ಬಹುಶಃ ಗಂಟು ಬೀಳುವದು. ಆಳು ಸಿಗಲಿಲ್ಲ, ಎಂಟು ದಿನ ಬಂದು ಹೋಗಪ್ಪಾ ಎಂದು ತಂದೆಯು ಹೇಳುವದು ಸಹಜವು. ಆದರೆ ಹಾಜರಿಯು ನೂರಕ್ಕೆ 75ರಷ್ಟು ಇಲ್ಲದಿದ್ದರೆ ಪರೀಕ್ಷೆಗೇ ಕೂಡಲಾಗದು. ಎಂಟು ದಿನದ ಪಾಠದ ಎಳೆ ತಪ್ಪಿದವನು ಒಂಬತ್ತನೆಯ ದಿನ ಕುಳಿತರೂ ಕೇಳಿದಂತಾಗದು. ಜಾತ್ರೆ, ಮದುವೆ, ಅಯ್ಯಾಚಾರಗಳಿಗೂ ಇದೇ ಮಾತು. ಮಠದ ಜಾತ್ರೆಗೇ ಬರಲಾಗದಿದ್ದ ವಿದ್ಯಾರ್ಥಿಯನ್ನು ಯಾವ ಗುರುಗಳೂ ಆಕ್ಷೇಪಿಸಲಾರರು.

ಹೆಣ್ಣು ಮಕ್ಕಳ ವಿಷಯದಲ್ಲಿ ಒಂದು ಮಾತು ಬಿಚ್ಚಿ ಹೇಳಲೇಬೇಕಾಗಿದೆ. ಓದಲು ಕಳಿಸಿ, ನಡುವೆ ಒಳ್ಳೆಯ ಮನೆತನ ಬಂದಿತೆಂದು ಕರೆದು ತಂದು ಅಕ್ಕಿಕಾಳು ಹಾಕಿಸುವ ರೂಢಿಯು ಇನ್ನೂ ಸತ್ತಿಲ್ಲ. ಮೂರು ವರ್ಷ ಕಾಯಲಾರದ ಬೀಗರು ಮುಂದೆ ಮಗಳ ಯಾವ ಸುಖವನ್ನು ಕಾಯುವರು? 2023ರಿಂದ ಸರಕಾರದ ಬಸ್ಸುಗಳಲ್ಲಿ ಹೆಣ್ಣು ಮಕ್ಕಳಿಗೆ ಪ್ರಯಾಣದ ಖರ್ಚಿಲ್ಲದಾಗಿದೆ. ಖರ್ಚಿನ ನೆವವೂ ಈಗ ಅರ್ಧ ಕಳಚಿದೆ.

ಕಾಗದಪತ್ರಗಳ ಬಗ್ಗೆ ಊರಲ್ಲಿ ಬಲ್ಲವರು ಮುಂದಾಗಬೇಕು. ಸಂವಿಧಾನದ 371ಜೆ ಕಲಮಿನ ಪ್ರಕಾರ 2013ರಿಂದ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8ರಷ್ಟು ಸ್ಥಾನಗಳು ಮೀಸಲಾಗಿರುವವು. ಆದರೆ ಉಪವಿಭಾಗಾಧಿಕಾರಿಗಳ ಅರ್ಹತಾ ಪ್ರಮಾಣಪತ್ರವು ಕೈಯಲ್ಲಿಲ್ಲದವನಿಗೆ ಆ ಕಲಮು ಇದ್ದೂ ಇಲ್ಲದಂತೆ. ಜಾತಿ ಮತ್ತು ಆದಾಯದ ಪತ್ರ, ಆಧಾರಕ್ಕೆ ಜೋಡಿಸಿದ ಬ್ಯಾಂಕಿನ ಖಾತೆ ಇವುಗಳನ್ನು ಪ್ರವೇಶಕ್ಕಿಂತ ಮೊದಲೇ ಮಾಡಿಸಿಟ್ಟರೆ ವಿದ್ಯಾರ್ಥಿವೇತನವೂ, ಸರಕಾರದ ವಸತಿನಿಲಯ ದೊರೆಯದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯ ಸಹಾಯವೂ ತಪ್ಪುವದಿಲ್ಲ. ಓದು ಬಾರದ ತಂದೆಯು ಮಾನವಿಯ ಕಚೇರಿಗೆ ನಾಲ್ಕು ಸಲ ಅಲೆಯುವದನ್ನು, ಓದು ಬಂದ ನೆರೆಯವನು ಒಂದು ಮುಂಜಾನೆಯಲ್ಲಿ ಮುಗಿಸಿಯಾನು.

ಹೊಸಬರನ್ನು ಪೀಡಿಸುವ ರ್‍ಯಾಗಿಂಗು ಎಂಬ ದುಷ್ಟ ಚಾಳಿಯು ಕಾನೂನಿನಿಂದ ನಿಷಿದ್ಧವಾಗಿದೆ. ಅದನ್ನು ಸಹಿಸಿಕೊಳ್ಳುವದು ತಾಳ್ಮೆಯೆಂದು ಯಾರೂ ತಿಳಿಯಬಾರದು. ಮನಸ್ಸು ಕುಗ್ಗಿ, ಊಟ ನಿದ್ರೆಗಳು ಕೆಟ್ಟು, ಬದುಕೇ ಬೇಡವೆನಿಸುವ ಸ್ಥಿತಿಯು ಒಬ್ಬೊಬ್ಬರಿಗೆ ಬರುವದುಂಟು. ಅದಕ್ಕೆ ದೃಷ್ಟಿ ತೆಗೆಸಿ ಸುಮ್ಮನಾಗಬಾರದು. 2022ರಿಂದ ಭಾರತ ಸರಕಾರವು 14416 ಎಂಬ ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಇಂಥವರೊಡನೆ ಮಾತಾಡುವ ಏರ್ಪಾಡು ಮಾಡಿದೆ, ಕನ್ನಡದಲ್ಲಿಯೂ ಮಾತಾಡಬಹುದು. ಮಗನು ಎಲ್ಲವೂ ಚೆನ್ನಾಗಿದೆ ಎಂದಾಗ, ಏನು ಉಂಡೆ, ಯಾರ ಕೂಡ ಉಂಡೆ ಎಂದು ತಾಯಿಯು ಕೇಳಲಿ. ಎರಡನೆಯ ಪ್ರಶ್ನೆಗೆ ವಾರಗಟ್ಟಲೆ ಹೆಸರೇ ಬಾರದಿದ್ದರೆ, ತಂದೆಯು ಮರುದಿನವೇ ಬಸ್ಸು ಹತ್ತಬೇಕು.

ಈ ಮಠದ ಭಕ್ತರ ಮನೆಗಳಲ್ಲಿ ಪದವಿ ಮುಗಿಸಿದವರೂ ಎರಡನೆಯ ಮೂರನೆಯ ವರ್ಷದಲ್ಲಿ ಓದುತ್ತಿರುವವರೂ ಇದ್ದೇ ಇರುವರು. ಅವರಲ್ಲಿ ಒಬ್ಬೊಬ್ಬರು ಹೊಸದಾಗಿ ಹೊರಟ ಇಬ್ಬರನ್ನೋ ಮೂವರನ್ನೋ ಕೈಹಿಡಿದು, ಮೊದಲ ದಿನ ಜೊತೆಗೆ ಹೋಗಿ, ಗ್ರಂಥಾಲಯವನ್ನೂ ಕಚೇರಿಯನ್ನೂ ತೋರಿಸಿ, ಮೊದಲ ಪರೀಕ್ಷೆ ಮುಗಿಯುವವರೆಗೆ ವಾರಕ್ಕೊಮ್ಮೆ ಕೂಡಿ ಕುಳಿತರೆ ಅದಕ್ಕೆ ಹಣವೇನೂ ಬೇಕಾಗಿಲ್ಲ. ಅಮಾವಾಸ್ಯೆಗೆ ಮಠಕ್ಕೆ ಬಂದಾಗ ಹೊಸಬರ ಹೆಸರುಗಳನ್ನು ಬರೆಸಿದರೆ, ಯಾರ ಜೊತೆಗೆ ಯಾರು ಎಂಬುದನ್ನು ಅಂದೇ ಗೊತ್ತುಮಾಡಬಹುದು. ತಾಯಂದಿರು ಬುತ್ತಿ ಕಟ್ಟುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳನ್ನು ಒಬ್ಬ ಮಗನ ಅಳತೆಗೆ ಕಟ್ಟದೆ ನಾಲ್ವರ ಅಳತೆಗೆ ಕಟ್ಟಲಿ. ಕೋಣೆಯ ಕದ ತೆರೆಯುವದಕ್ಕೆ ಅದರಷ್ಟು ಸುಲಭವಾದ ಕೀಲಿಕೈ ಇನ್ನೊಂದಿಲ್ಲ.