ಹೊರೆ ಇಳಿಸುವ ಕಟ್ಟೆ



ಈ ಅನಮೋಡವು ಘಟ್ಟದ ತುದಿಯ ಊರು. ಹಿಂದಕ್ಕೆ ರಾಮನಗರ, ಲೋಂಡಾ, ಖಾನಾಪುರ. ಮುಂದಕ್ಕೆ ಗೋವೆಗಿಳಿಯುವ ದಾರಿ. ಮೋಟಾರು ಬರುವ ಮೊದಲು ಘಟ್ಟದ ದಾರಿಗಳಲ್ಲಿ ಜನರು ಅಕ್ಕಿ, ಉಪ್ಪು, ಕಟ್ಟಿಗೆಗಳನ್ನು ತಲೆಯ ಮೇಲೆಯೇ ಹೊತ್ತು ನಡೆಯುತ್ತಿದ್ದರು. ನಡುನಡುವೆ ಆಳೆತ್ತರದ ಕಲ್ಲಿನ ಕಟ್ಟೆಗಳಿರುತ್ತಿದ್ದವು. ದಣಿದವನು ಅದರ ಮೇಲೆ ಹೊರೆಯಿಳಿಸಿ, ನೀರು ಕುಡಿದು, ಉಸಿರು ತಿರುಗಿಸಿಕೊಂಡು ಮುಂದೆ ಸಾಗುವನು. ಕಟ್ಟೆಯಿಲ್ಲದ ಕಡೆ ಇನ್ನೊಬ್ಬನು ಬಂದು ಕೈಗೊಡಬೇಕು. ಆ ಕಟ್ಟೆ ಯಾರ ಹೊರೆಯನ್ನೂ ತಾನು ಹೊರಲಿಲ್ಲ. ಹೊರುವವನಿಗೆ ಮತ್ತೆ ಹೊರುವ ಬಲವನ್ನು ಕೊಟ್ಟಿತು.

ತಲೆಯ ಮೇಲಿನ ಹೊರೆ ಎಲ್ಲರಿಗೂ ಕಾಣುತ್ತದೆ. ಮನಸ್ಸಿನ ಮೇಲಿನ ಹೊರೆ ಯಾರಿಗೆ ಕಾಣುತ್ತದೆ? ಅದನ್ನು ಇಳಿಸುವ ಕಟ್ಟೆ ಯಾವುದು? ಇಂದು ನಾವು ಚಿಂತಿಸಬೇಕಾದುದು ಇದನ್ನೇ. ಆ ಕಟ್ಟೆಗೆ ಈಗಿನವರು ಆಪ್ತಸಮಾಲೋಚನೆ ಎಂದು ಹೆಸರಿಟ್ಟಿದ್ದಾರೆ.

ಮಠಕ್ಕೆ ಬರುವವರಲ್ಲಿ ಅನೇಕರು, “ಅಜ್ಜಾರ, ಎದಿ ಢವಢವ ಹೊಡಕೋತೈತ್ರಿ, ರಾತ್ರಿ ನಿದ್ದಿ ಬರಂಗಿಲ್ಲ, ಏನೋ ಕೆಟ್ಟದ್ದು ಆಗತೈತಿ ಅನಸ್ತೈತಿ” ಎನ್ನುತ್ತಾರೆ. ಹೃದಯದ ಪರೀಕ್ಷೆಯಾಗಿರುತ್ತದೆ, ದೋಷ ಕಂಡಿರುವುದಿಲ್ಲ. ಮನೆಯವರು “ಎಲ್ಲ ನಿನ್ನ ಕಲ್ಪನೆ” ಎಂದು ಬೈಯುತ್ತಾರೆ. ಇದು ಕಲ್ಪನೆಯಲ್ಲ, ಆತಂಕವೆಂಬ ಕಾಯಿಲೆ. ಭಯವೆಂಬುದು ಗಾಡಿಯ ಬ್ರೇಕಿನಂತೆ. ಈ ಘಟ್ಟದಲ್ಲಿ ಬ್ರೇಕಿಲ್ಲದೆ ಇಳಿದವನು ಉಳಿಯಲಾರನು. ಆದರೆ ಸಮತಟ್ಟಾದ ರಸ್ತೆಯಲ್ಲಿಯೂ ಬ್ರೇಕು ಹಿಡಿದುಕೊಂಡೇ ಇದ್ದರೆ ಗಾಡಿ ನಡೆದೀತೆ? ಅಂಥ ಗಾಡಿಯನ್ನು ಯಾರೂ ಬೈಯುವುದಿಲ್ಲ. ಮಿಸ್ತ್ರಿಯ ಬಳಿಗೆ ಒಯ್ಯುತ್ತಾರೆ. ಗಾಡಿಗೆ ತೋರುವ ಈ ವಿವೇಕವನ್ನು ಮನುಷ್ಯನಿಗೆ ತೋರಬೇಡವೆ?

ಆತಂಕಕ್ಕೊಂದು ಸ್ವಭಾವವಿದೆ. ಅಂಜಿ ದೂರ ಸರಿದಷ್ಟೂ ಅದು ಬೆಳೆಯುತ್ತದೆ. ಬಸ್ಸು ಹತ್ತಲು ಅಂಜಿದವನು ಮುಂದೆ ಸಂತೆಗೆ ಹೋಗಲು ಅಂಜುತ್ತಾನೆ, ಕೊನೆಗೆ ಮನೆಯ ಹೊಸ್ತಿಲು ದಾಟಲು ಅಂಜುತ್ತಾನೆ. ಸಮಾಲೋಚಕರು ಅವನನ್ನು ಹೆಜ್ಜೆಹೆಜ್ಜೆಯಾಗಿ ಆ ಅಂಜಿಕೆಯ ಎದುರಿಗೇ ನಡೆಸುತ್ತಾರೆ. ಇಂದು ಬಸ್ ನಿಲ್ದಾಣದವರೆಗೆ, ನಾಳೆ ಒಂದು ನಿಲುಗಡೆಯವರೆಗೆ. ಎದೆ ಹೊಡೆದುಕೊಂಡರೂ ಪ್ರಾಣ ಹೋಗುವುದಿಲ್ಲವೆಂಬುದನ್ನು ಅವನು ತಾನೇ ಕಂಡುಕೊಳ್ಳುತ್ತಾನೆ. ಕೆಲವರಿಗೆ ಇದರ ಜೊತೆಗೆ ಔಷಧವೂ ಬೇಕಾಗುತ್ತದೆ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಇನ್ನು ಮಕ್ಕಳ ಮಾತು. ಕೆಲವು ಮಕ್ಕಳು ಕುಳಿತಲ್ಲಿ ಕೂಡಲಾರರು. ಹೇಳಿದ್ದು ಮುಗಿಯುವ ಮೊದಲೇ ಓಡುವರು. ಪಾಟಿ ಪುಸ್ತಕ ಕಳೆಯುವರು. ಕೆಲವರು ಗದ್ದಲ ಮಾಡದೆ ಸುಮ್ಮನೆ ಕುಳಿತರೂ ಅವರ ಗಮನ ಎಲ್ಲಿಯೋ ಇರುತ್ತದೆ. ಇದು ಹನ್ನೆರಡು ವರ್ಷದೊಳಗೇ ತೋರಿ, ಮನೆಯಲ್ಲಿಯೂ ಶಾಲೆಯಲ್ಲಿಯೂ ಬಹುಕಾಲ ಹಾಗೆಯೇ ನಡೆದು, ಕಲಿಕೆಗೆ ಅಡ್ಡಿಯಾದರೆ ಅದಕ್ಕೆ ವೈದ್ಯರು ಎ.ಡಿ.ಎಚ್.ಡಿ. ಎನ್ನುತ್ತಾರೆ, ಗಮನದ ಕೊರತೆ ಮತ್ತು ಅತಿಚಟುವಟಿಕೆ ಎಂದು ಅರ್ಥ. ಇದು ಈಚಿನ ಫ್ಯಾಷನ್ ಎಂದು ತಿಳಿಯಬೇಡಿರಿ. 1902ರಲ್ಲಿಯೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಕುರಿತು ಉಪನ್ಯಾಸ ಮಾಡಿದ್ದರು. ಇದು ಬಹುಮಟ್ಟಿಗೆ ಹುಟ್ಟಿನಿಂದ, ಮನೆತನದಿಂದ ಬರುವಂಥದು. ತಾಯಿ ಸಾಕಿದ ರೀತಿಯ ತಪ್ಪಲ್ಲ, ಮಗುವಿನ ಸೊಕ್ಕೂ ಅಲ್ಲ.

ಅಂಥ ಮಗುವನ್ನು ಹೊಡೆದರೆ ಗಮನ ಹುಟ್ಟುವುದಿಲ್ಲ. ‘ನಾನು ಕೆಟ್ಟವನು’ ಎಂಬ ಭಾವ ಮಾತ್ರ ಹುಟ್ಟುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿರಿ. ದೊಡ್ಡ ಕೆಲಸವನ್ನು ತುಂಡು ಮಾಡಿ ಕೊಡಿರಿ. ಮಾಡಿದ ಕೂಡಲೇ ಮೆಚ್ಚುಗೆಯ ಮಾತಾಡಿರಿ. ಸಂಜೆಗೆ ಹೇಳಿದರೆ ಅದಕ್ಕೆ ತಲುಪುವುದಿಲ್ಲ. ಶಾಲೆಯಲ್ಲಿ ಗುರುಗಳ ಹತ್ತಿರದ ಸಾಲಿನಲ್ಲಿ ಕೂರಿಸಿರಿ. ಇದನ್ನು ತಂದೆತಾಯಿಗಳಿಗೆ ಕಲಿಸುವುದೇ ಸಮಾಲೋಚನೆಯ ಮುಖ್ಯ ಭಾಗ. ಔಷಧ ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಮೂರನೆಯದು ದುಃಖ. ಈ ಸೀಮೆಗೆ ದುಃಖದ ಪಾಠವನ್ನು ಹೊರಗಿನವರು ಹೇಳಬೇಕಾಗಿಲ್ಲ. ಕಾಳೀ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರು ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಅನೇಕ ಮನೆತನಗಳು ರಾಮನಗರಕ್ಕೆ ಬಂದು ನೆಲೆಸಿದವು. ಅತ್ತ ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೇಟದವರು ದೇಶವನ್ನೇ ಕಳೆದುಕೊಂಡು ಬಂದವರು. ಹೊಸ ಮನೆ ಸಿಕ್ಕಿತೆಂದು ಹಳೆಯ ಅಂಗಳದ ನೆನಪು ಹೋಗುವುದೆ? ಊರು ಹೋದವರ ಸಂಕಟವೇ ಹೀಗಾದರೆ, ಮಗನನ್ನು, ಗಂಡನನ್ನು, ಹೆಂಡತಿಯನ್ನು ಕಳೆದುಕೊಂಡವರ ಸಂಕಟ ಎಂಥದಿರಬೇಕು!

ಅಂಥವರ ಮುಂದೆ ನಾವು “ಅಳಬ್ಯಾಡ, ಹೋದವರು ಬರತಾರೇನು?” ಎನ್ನುತ್ತೇವೆ. ಬರುವುದಿಲ್ಲವೆಂದು ಗೊತ್ತಿರುವುದರಿಂದಲೇ ಅವರು ಅಳುತ್ತಿದ್ದಾರೆ! ಅವರಿಗೆ ಬೇಕಾದುದು ಉಪದೇಶವಲ್ಲ, ಹತ್ತಿರ ಕೂಡುವವರು. ಹೋದವರ ಹೆಸರು ಹಿಡಿದು ಮಾತನಾಡಿಸಿರಿ. ಹೆಸರನ್ನು ಮರೆಸಿದರೆ ದುಃಖ ಮರೆಯಾಗುವುದಿಲ್ಲ. ಮಣ್ಣು ಮಾಡಿದ ದಿನ ನೂರು ಜನ ಸೇರುತ್ತಾರೆ. ಎರಡು ತಿಂಗಳ ಮೇಲೆ ಆ ಮನೆಯ ಬಾಗಿಲಿಗೆ ಎಷ್ಟು ಜನ ಹೋಗುತ್ತೇವೆ? ಬಹುಪಾಲು ದುಃಖ ಕಾಲಾಂತರದಲ್ಲಿ ತಾನಾಗಿ ಹದಕ್ಕೆ ಬರುತ್ತದೆ. ಆದರೆ ಆರು ತಿಂಗಳು ಕಳೆದರೂ ಅದೇ ತೀವ್ರತೆಯಿದ್ದು, ಊಟ, ಕೆಲಸ, ಮಕ್ಕಳ ಕಡೆಗೆ ಮನಸ್ಸು ತಿರುಗದಿದ್ದರೆ, ಅದಕ್ಕೆ ಚಿಕಿತ್ಸೆಯ ನೆರವು ಬೇಕು. ಯಾರಾದರೂ “ಬದುಕಿ ಏನು ಮಾಡಲಿ” ಎಂದರೆ ಹಗುರಾಗಿ ತೆಗೆದುಕೊಳ್ಳಬೇಡಿರಿ. ಅವರನ್ನು ಒಂಟಿಯಾಗಿ ಬಿಡಬೇಡಿರಿ. ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಕೀಲಿ ಹಾಕಿ ಇಡಿರಿ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

“ಅಜ್ಜಾರ, ಈ ಕಾಡಿನೊಳಗ ಅಂಥ ನೆರವು ಎಲ್ಲೈತ್ರಿ?” ಎಂದು ನೀವು ಕೇಳಬಹುದು. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. 2009ರಿಂದ ಅದು ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿದೆ. ‘ಧಾರವಾಡಕ್ಕೆ ಕಳಿಸಬೇಕು’ ಎಂಬುದನ್ನು ನಮ್ಮ ಕಡೆಯವರು ಬೈಗುಳವಾಗಿ ಬಳಸಿದರು. ಇದರಿಂದ ಎಷ್ಟೋ ಜನ ಚಿಕಿತ್ಸೆಗೇ ಹೋಗದೆ ಉಳಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯಲ್ಲಿಯೇ ಮನೋರೋಗಕ್ಕೆ ಉಪಚಾರ ಸಾಧ್ಯವೆಂದು ತೋರಿಸಿದರು. ಆ ಮಾದರಿಯೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅದೇ ಸಂಸ್ಥೆಯಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಈ ವಿಷಯಗಳನ್ನು ಸರಳ ಕನ್ನಡದ ಪುಸ್ತಕಗಳಲ್ಲಿ ಮನೆಮನೆಗೆ ಮುಟ್ಟಿಸಿದರು. ಸಾಮಾನ್ಯ ಜನರಿಗೂ ಆಪ್ತಸಮಾಲೋಚನೆ ಕಲಿಸಿದರು. ಇನ್ನು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸೇವೆಯಿದೆ. 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನು ಮಾಡಬಹುದು, ಹಣ ಕೊಡಬೇಕಾಗಿಲ್ಲ. ಕನ್ನಡದಲ್ಲಿ ಮಾತನಾಡಬಹುದು, ಮರಾಠಿಯವರು ಮರಾಠಿಯಲ್ಲಿ ಮಾತನಾಡಬಹುದು. ದುಃಖವನ್ನು ಪರಭಾಷೆಯಲ್ಲಿ ಹೇಳಿಕೊಳ್ಳುವುದು ಕಷ್ಟ.

“ಊರಿಗೆಲ್ಲ ಗೊತ್ತಾದರೆ ಮಗಳ ಲಗ್ನ ಹೆಂಗ?” ಎಂಬ ಅಂಜಿಕೆಯೂ ಉಂಟು. ಚಿಕಿತ್ಸೆಯ ಸಂಗತಿಯನ್ನು ಗುಟ್ಟಾಗಿಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಕೊಟ್ಟ ಹಕ್ಕು. ಕಾನೂನು ಕೊಟ್ಟ ಮರ್ಯಾದೆಯನ್ನು ನೆರೆಹೊರೆಯವರೂ ಕೊಡಬೇಕು. ಕೇಳಿದ ನೋವನ್ನು ಕಟ್ಟೆಯ ಮೇಲೆ ಕುಳಿತು ಹರಟುವವನು ಕೇಳಿಸಿಕೊಳ್ಳುವ ಯೋಗ್ಯತೆಯನ್ನೇ ಕಳೆದುಕೊಳ್ಳುತ್ತಾನೆ.

ಒಂದು ಮಾತನ್ನು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಮಠಕ್ಕೆ ಬನ್ನಿರಿ, ವಿಭೂತಿ ಧರಿಸಿರಿ, ಪ್ರಸಾದ ಸ್ವೀಕರಿಸಿರಿ. ಮನಸ್ಸಿಗೆ ಧೈರ್ಯ ಬರಲಿ. ಆದರೆ ಜ್ವರ ಬಂದವನನ್ನು ವೈದ್ಯರ ಬಳಿಗೆ ಒಯ್ಯುವಂತೆ ಇವರನ್ನೂ ಒಯ್ಯಿರಿ. ನಮ್ಮ ಆಶೀರ್ವಾದವನ್ನು ಚಿಕಿತ್ಸೆಗೆ ಬದಲಾಗಿ ಕೇಳಬೇಡಿರಿ. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿರಿ. ಮಾನಸಿಕ ರೋಗಿಯನ್ನು ಕಟ್ಟಿ ಹಾಕುವುದು, ಹೊಡೆಯುವುದು ಧರ್ಮವೂ ಅಲ್ಲ, ಕಾನೂನೂ ಅಲ್ಲ.

ಎಲ್ಲರೂ ಸಮಾಲೋಚಕರಾಗಲಾರರು, ಎಲ್ಲರೂ ಕಟ್ಟೆಯಾಗಬಲ್ಲರು. ಈ ವಾರ ನಿಮ್ಮ ಓಣಿಯಲ್ಲಿ ಮೌನವಾದ ಒಂದು ಮನೆಯ ಬಾಗಿಲು ತಟ್ಟಿರಿ. ಅರ್ಧ ತಾಸು ಕುಳಿತು, ನಡುವೆ ಬಾಯಿ ಹಾಕದೆ ಕೇಳಿರಿ. ನಿಮ್ಮಿಂದಾಗದ ಭಾರವೆನಿಸಿದರೆ ಬಲ್ಲವರ ಬಳಿಗೆ ಜೊತೆಯಲ್ಲಿ ಹೋಗಿರಿ. ಇದೂ ಒಂದು ದಾಸೋಹವೇ. ಅನ್ನದ ಬದಲು ಕಿವಿ ಕೊಡುವ ದಾಸೋಹ.

ನಿಮ್ಮೆಲ್ಲರ ಮನಸ್ಸು ಹಗುರಾಗಲಿ, ನಿಮ್ಮ ಮನೆಗಳು ಇತರರ ಹೊರೆಯಿಳಿಸುವ ಕಟ್ಟೆಗಳಾಗಲಿ ಎಂದು ಹಾರೈಸುತ್ತೇವೆ. ಎಲ್ಲರಿಗೂ ಶುಭವಾಗಲಿ.