ಸಾಲು ಮುರಿದ ಹೆಣ್ಣುಮಕ್ಕಳು

ನವ್ಯಕಾವ್ಯ ಅಂದ ಕೂಡಲೇ ಬಾಯಿಗೆ ಬರುವ ಹೆಸರು ಯಾರದು ಹೇಳಿ. ಗೋಪಾಲಕೃಷ್ಣ ಅಡಿಗರು, ರಾಮಚಂದ್ರ ಶರ್ಮರು, ಗಂಗಾಧರ ಚಿತ್ತಾಲರು, ಎ.ಕೆ. ರಾಮಾನುಜನ್. 1954ರಲ್ಲಿ ಅಡಿಗರ ‘ಚಂಡೆಮದ್ದಳೆ’ ಬಂತು, 1959ರಲ್ಲಿ ‘ಭೂಮಿಗೀತ’. ಅಡಿಗರ ಲಯ ಎಂಥದು, ಸಾಲು ಎಲ್ಲಿ ಮುರಿಯುತ್ತದೆ, ಯಾಕೆ ಮುರಿಯುತ್ತದೆ ಅಂತ ವಿಮರ್ಶಕರು ಪುಟಗಟ್ಟಲೆ ಬರೆದರು. ಬರೆಯಬೇಕಾದದ್ದೇ. ಆದರೆ ಹೆಣ್ಣುಮಗಳೊಬ್ಬಳ ಪದ್ಯ ಎದುರಿಗೆ ಬಂದಾಗ ಲಯದ ಮಾತೇ ಇಲ್ಲ. ‘ಹೆಣ್ಣಿನ ನೋವು ಚೆನ್ನಾಗಿ ಮೂಡಿದೆ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನನಗೆ ಎಷ್ಟೋ ವರ್ಷದಿಂದ ಕಾಡುತ್ತಿರುವ ಸಂಕಟ ಇದು.

ಸಾಲು ಮುರಿಯುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಶಿವಮೊಗ್ಗ ದಾಟಿ ಶಿಕಾರಿಪುರದ ಕಡೆ ಹೋದರೆ ಉಡುತಡಿ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿನ ಅಕ್ಕಮಹಾದೇವಿ ಮಾತ್ರೆಯ ಲೆಕ್ಕ ಬಿಟ್ಟು, ಮಾತಿನ ಉಸಿರಿಗೆ ತಕ್ಕಂತೆ ವಚನ ಹೇಳಿದಳು. ಆಮೇಲೆ ಮೈಸೂರು ಅರಮನೆಯ ಸಂಚಿ ಹೊನ್ನಮ್ಮ ಸಾಂಗತ್ಯ ಹಿಡಿದಳು. ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ತ್ರಿಪದಿಯನ್ನು ಬಿಡಲೇ ಇಲ್ಲ. ಅದೇ ತ್ರಿಪದಿಯಲ್ಲಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಪುರಾಣವನ್ನೇ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷೆ. ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು.

ಈಗ ನನ್ನ ಮೆಚ್ಚಿನವರ ವಿಷಯಕ್ಕೆ ಬರುತ್ತೇನೆ. ಬೇಲೂರು ತಾಲ್ಲೂಕಿನಲ್ಲಿ ದಬ್ಬೆ ಅಂತ ಒಂದು ಹಳ್ಳಿ. ವಿಜಯಾ ದಬ್ಬೆ ಅಲ್ಲಿಯವರು, 1951ರಲ್ಲಿ ಹುಟ್ಟಿದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪಾಠ ಹೇಳಿದರು. ಅವರು ಸಂಶೋಧನೆಗೆ ಆರಿಸಿಕೊಂಡದ್ದು ಅಭಿನವ ಪಂಪನೆಂದು ಹೆಸರಾದ ನಾಗಚಂದ್ರನನ್ನು. ಚಂಪೂ ಕವಿ ಅಂದರೆ ಸುಮ್ಮನೆಯೇ? ಕಂದಪದ್ಯ ಒಂದನ್ನೇ ನೋಡಿ. ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20, ಮತ್ತೆ 12, ಮತ್ತೆ 20. ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಕೂಡಬೇಕು. ಇಷ್ಟೆಲ್ಲ ಬಲ್ಲವರು ತಾವು ಪದ್ಯ ಬರೆಯುವಾಗ ಏನು ಮಾಡಿದರು? ಪ್ರಾಸವನ್ನು ಪಕ್ಕಕ್ಕಿಟ್ಟರು. ಪುಟ್ಟ ಪುಟ್ಟ ಸಾಲು, ಆಡುವ ಮಾತು, ಒಳಗೊಂದು ಮೊನಚು. ಮೊದಲ ಸಂಕಲನ ‘ಇರುತ್ತವೆ’ 1975ರಲ್ಲಿ ಬಂತು. ಆಗ ಅವರಿಗೆ ಇನ್ನೂ ಇಪ್ಪತ್ನಾಲ್ಕು. ಆಮೇಲೆ ‘ನೀರು ಲೋಹದ ಚಿಂತೆ’. ಛಂದಸ್ಸು ಬಾರದೆ ಬಿಟ್ಟವರಲ್ಲ, ಚೆನ್ನಾಗಿ ಬಲ್ಲವರು ಬೇಕೆಂದೇ ಬಿಟ್ಟರು. ಇದನ್ನು ಪ್ರಯೋಗ ಅನ್ನದೆ ಇನ್ನೇನು ಅನ್ನಬೇಕು?

ತಮ್ಮ ಪದ್ಯವಷ್ಟೇ ಸಾಕು ಅಂತಲೂ ಅವರು ಕೂರಲಿಲ್ಲ. ಮರೆತೇಹೋಗಿದ್ದ ನಂಜನಗೂಡು ತಿರುಮಲಾಂಬ ಅವರ ಬರವಣಿಗೆಯನ್ನು ಹುಡುಕಿ ತೆಗೆದು ಮತ್ತೆ ನಮ್ಮ ಮುಂದಿಟ್ಟರು. ಅಂಥವರಿಗೆ ರಸ್ತೆ ಅಪಘಾತವೊಂದರಲ್ಲಿ ಪೆಟ್ಟಾಗಿ ನೆನಪಿನ ಶಕ್ತಿಯೇ ಹೋಯಿತು. 2018ರಲ್ಲಿ ತೀರಿಕೊಂಡರು. ಅವರ ಲೇಖನಿಯಿಂದ ಇನ್ನೂ ಏನೇನು ಬರುವುದಿತ್ತೋ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಅಷ್ಟರಲ್ಲಿ ಉಳಿದವರೂ ಬಂದಿದ್ದರು. ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದ ಬಿ.ಟಿ. ಲಲಿತಾ ನಾಯಕ್ ಬಂಡಾಯ ಸಾಹಿತ್ಯದ ಜೊತೆ ನಿಂತರು. ಕೋಣೆಯಲ್ಲಿ ಕೂತು ಓದಿಕೊಳ್ಳುವ ಪದ್ಯ ಸಭೆಯಲ್ಲಿ ಗಟ್ಟಿಯಾಗಿ ಹೇಳುವ ಪದ್ಯವಾದ ಕಾಲ ಅದು. 1983ರಲ್ಲಿ ಪ್ರತಿಭಾ ನಂದಕುಮಾರ್ ಅವರ ‘ನಾವು ಹುಡುಗಿಯರೇ ಹೀಗೆ’ ಬಂದಾಗ ಹುಡುಗಿಯರ ಹರಟೆಯ ದನಿಯೇ ಕಾವ್ಯದ ಲಯವಾಯಿತು. ಕುಂದಾಪುರದ ವೈದೇಹಿ ‘ಬಿಂದು ಬಿಂದಿಗೆ’ ಕೊಟ್ಟರು. ರಾಯಚೂರಿನ ಎಚ್.ಎಸ್. ಮುಕ್ತಾಯಕ್ಕ, ತಂದೆ ಶಾಂತರಸರ ಹಾಗೆಯೇ, ಕಾಫಿಯಾ ಅನ್ನುವ ಪ್ರಾಸ, ರದೀಫ್ ಅನ್ನುವ ಮರುಕಳಿಸುವ ಪದ, ಇವುಗಳ ಕಟ್ಟುಪಾಡಿನ ಗಜಲನ್ನು ಕನ್ನಡದಲ್ಲಿ ಒಲಿಸಿಕೊಂಡರು. ಒಬ್ಬರು ಕಟ್ಟು ಬಿಚ್ಚಿದರು, ಇನ್ನೊಬ್ಬರು ಹೊಸ ಕಟ್ಟು ತಂದರು. ಇಬ್ಬರದೂ ಪಳಗಿದ ಕೈಯ ಕೆಲಸ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ತರೀಕೆರೆಗೋ ಕಡೂರಿಗೋ ಅಜ್ಜಂಪುರಕ್ಕೋ ಹೋದಾಗ ಅಲ್ಲಿನ ಗ್ರಂಥಾಲಯದಲ್ಲಿ ವಿಜಯಾ ದಬ್ಬೆಯವರ ಸಂಕಲನ ಇದೆಯೇ ಅಂತ ಕೇಳಿ. ಇಲ್ಲವೆಂದರೆ ತರಿಸಿಕೊಡಿ ಅಂತ ಒಂದು ಚೀಟಿ ಬರೆದುಕೊಟ್ಟು ಬನ್ನಿ. ಸಿಕ್ಕರೆ ಮನೆಗೆ ತಂದು ಬಾಯಿಬಿಟ್ಟು ಓದಿ, ಸಾಲು ಮುರಿದಲ್ಲಿ ಒಂದು ಗಳಿಗೆ ನಿಲ್ಲಿ.